ಲಾಗದ ಟೀಚರ್

ಆ ಶಾಲೆಯ ಮಕ್ಕಳು ಅವರನ್ನು ಕರೆಯುತ್ತಿದ್ದದ್ದೇ ಲಾಗದ ಟೀಚರ್ ಎಂದು. ಹಾಜರಿ ಪುಸ್ತಕದಲ್ಲಿ ಅವರು ದೈಹಿಕ ಶಿಕ್ಷಣ ಶಿಕ್ಷಕಿ, ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಡಂ, ಮನೆಯಲ್ಲಿ ಅತ್ತೆಯ ಬಾಯಲ್ಲಿ ‘ನಮ್ಮ ಕುಣಿಯೋ ಸೊಸೆ’. ಆದರೆ ಅವರು ಹಾಲ್‌ನ ಒಂದು ತುದಿಯಿಂದ ಓಡಿಬಂದು, ಕೈಯೂರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಬಾಗಿಲು ತೆರೆದು ಒಳಗೆ ಬಂದವರಷ್ಟೇ ಸಲೀಸಾಗಿ ನೆಲದ ಮೇಲೆ ನಿಲ್ಲುವುದನ್ನು ಒಂದು ಸಲ ನೋಡಿದ ಮಗುವಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ?

ಆ ಹಾಲ್ ಎಲ್ಲದಕ್ಕೂ ಒಂದೇ. ಪರೀಕ್ಷೆ ಬಂದರೆ ಬೆಂಚು, ಸಭೆ ಇದ್ದರೆ ಕುರ್ಚಿ, ಉಳಿದ ಹೊತ್ತು ಅವರ ಮ್ಯಾಟುಗಳು. ಮ್ಯಾಟುಗಳೊಳಗಿನ ಹತ್ತಿ ಎಷ್ಟೋ ವರ್ಷದ ಮಕ್ಕಳು ಬಿದ್ದೂ ಬಿದ್ದೂ ಗಂಟುಗಟ್ಟಿತ್ತು. ಗೋಡೆಯ ಪಕ್ಕ ಚರ್ಮ ಹೊದಿಸಿದ ಜಿಗಿಯುವ ಪೆಟ್ಟಿಗೆ, ಅದರ ಮುಂದೆ ಸ್ಪ್ರಿಂಗ್ ಹಲಗೆ, ಮೂಲೆಯಲ್ಲಿ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಸುವ ತೊಲೆ. ಅವರ ಪಾಠದ ಕ್ರಮವೂ ಅಷ್ಟೇ ಸರಳ. ಮೊದಲು ತಾವು ಮಾಡಿ ತೋರಿಸುವುದು, ಆಮೇಲೆ ಮಗು ಮಾಡುವಾಗ ಕೈ ಕೊಡುವುದು. ಮಗು ಗಾಳಿಯಲ್ಲಿ ತಲೆಕೆಳಗಾದ ಕ್ಷಣದಲ್ಲಿ ಅವರ ಒಂದು ಕೈ ಅದರ ಭುಜದಡಿಗೆ, ಇನ್ನೊಂದು ಸೊಂಟದ ಹಿಂದಕ್ಕೆ ಹೋಗುತ್ತಿತ್ತು. ಹಿಡಿದರು ಎನ್ನುವುದು ಮಗುವಿಗೆ ಗೊತ್ತೂ ಆಗುತ್ತಿರಲಿಲ್ಲ, ತಾನೇ ನಿಂತೆ ಅಂದುಕೊಳ್ಳುತ್ತಿತ್ತು. ಗಣಿತದ ಮೇಷ್ಟ್ರು ಮಾತ್ರ ರೇಗಿಸುತ್ತಿದ್ದರು: ಲೋಕದಲ್ಲೆಲ್ಲ ಕೈ ಕೊಟ್ಟರು ಅಂದರೆ ಮೋಸ ಮಾಡಿದರು ಅಂತ ಅರ್ಥ, ನಿಮ್ಮ ಹಾಲ್‌ನಲ್ಲಿ ಮಾತ್ರ ಕಾಪಾಡಿದರು ಅಂತ.

ಹೀಗೇ ನಡೆಯುತ್ತಿದ್ದಾಗ ಅವರ ಮಂಡಿ ಕೆಟ್ಟಿತು. ಎತ್ತರದಿಂದ ಇಳಿದೂ ಇಳಿದೂ ಕೀಲು ಸವೆದಿದೆ, ಇನ್ನು ಜಿಗಿಯಬೇಡಿ ಎಂದರು ಮೂಳೆ ಡಾಕ್ಟರು. ನಲವತ್ತು ದಾಟಿದ ಮೇಲೆ ಅದೇನೂ ಆಶ್ಚರ್ಯದ ಸಂಗತಿಯಲ್ಲ. ಆದರೆ ಮಾಡಿ ತೋರಿಸದೆ ಪಾಠ ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಹೊಲಿಗೆಯವನಿಗೆ ಸೂಜಿ ಇಲ್ಲದೆ ಅಂಗಿ ಹೊಲಿ ಅಂದಂತಾಯಿತು.

ಹೆಡ್ಮಾಸ್ಟರು ಒಳ್ಳೆಯ ಮನುಷ್ಯ, ಆದರೆ ಯಾವ ಸಮಸ್ಯೆಗೂ ಉತ್ತರ ಬೀರುವಿನಲ್ಲೇ ಇರುತ್ತದೆ ಎಂದು ನಂಬಿದವರು. ವಿಜ್ಞಾನದ ಕೋಣೆಯಲ್ಲಿ ಚಕ್ರದ ಸ್ಟ್ಯಾಂಡಿನ ಮೇಲೆ ಒಂದು ದೊಡ್ಡ ಟಿವಿ ಇತ್ತು. ಧೂಳು ಕೂರುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಅದಕ್ಕೆ ಬೆಡ್‌ಶೀಟ್ ಹೊದಿಸಿ ಮಲಗಿಸಿದ್ದರು. ಹೆಡ್ಮಾಸ್ಟರು ಅದನ್ನು ಹಾಲ್‌ಗೆ ತಳ್ಳಿಸಿಕೊಂಡು ಬಂದು, ಇನ್ನು ಮುಂದೆ ಇದೇ ಲಾಗ ಹಾಕಲಿ, ನೀವು ಕೂತುಕೊಂಡು ಹೇಳಿಕೊಡಿ ಎಂದರು.

ಟೀಚರ್‌ಗೆ ನಗು ಬಂತು. ಲಾಗ ಅಂದರೆ ಕೂತು ನೋಡುವ ಸಿನಿಮಾ ಅಲ್ಲ ಎಂದರು. ಆದರೂ ಬೇರೆ ದಾರಿ ಇರಲಿಲ್ಲವಾದ್ದರಿಂದ ಶುರು ಮಾಡಿದರು.

ಮೊದಲು ದೊಡ್ಡ ದೊಡ್ಡ ಪಂದ್ಯಗಳ ವಿಡಿಯೋ ಹಾಕಿದರು. ಮಕ್ಕಳು ಬಾಯಿ ತೆರೆದು ನೋಡಿದರು, ಚಪ್ಪಾಳೆ ತಟ್ಟಿದರು, ಅವರಿಗೆಲ್ಲ ಮೈಯಲ್ಲಿ ಮೂಳೆಯೇ ಇಲ್ಲ ಅಂದರು. ಮಾರನೇ ದಿನ ಒಬ್ಬ ಹುಡುಗ ಅದೇ ರೀತಿ ತಿರುಗಲು ಹೋಗಿ ಬೆಂಚಿಗೆ ಹಣೆ ಗುದ್ದಿಕೊಂಡ. ಬೆರಗಾಗುವುದು ಬೇರೆ, ಕಲಿಯುವುದು ಬೇರೆ ಎಂದು ಟೀಚರ್‌ಗೆ ಅರ್ಥವಾಯಿತು. ಅದೇ ವಿಡಿಯೋವನ್ನು ನಿಧಾನ ಮಾಡಿ, ನಡುನಡುವೆ ನಿಲ್ಲಿಸಿ ತೋರಿಸಿದರು. ಸ್ವಲ್ಪ ತಿಳಿಯಿತು. ಆದರೂ ಪರದೆಯ ಮೇಲಿನವರು ಯಾರೋ, ಮ್ಯಾಟಿನ ಮೇಲಿನವರು ಯಾರೋ.

ಕೊನೆಗೆ ಅವರು ತಮ್ಮ ಫೋನನ್ನು ಒಂದು ಸ್ಟೂಲಿನ ಮೇಲೆ ನಿಲ್ಲಿಸಿ ಮಕ್ಕಳದ್ದೇ ವಿಡಿಯೋ ತೆಗೆದರು. ಅಲ್ಲಿಂದ ಎಲ್ಲ ಬದಲಾಯಿತು. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರಲ್ಲ, ಆ ಮಕ್ಕಳಿಗೆ ತಮ್ಮ ಬೆನ್ನು ಕಾಣತೊಡಗಿತು. ಮಂಡಿ ಮಡಚಬೇಡ ಎಂದು ಇಡೀ ವರ್ಷ ಕೂಗಿದರೂ, ಮಡಚಿಲ್ಲ ಟೀಚರ್, ನೆಟ್ಟಗೇ ಇದೆ ಎಂದು ಆಣೆ ಮಾಡುತ್ತಿದ್ದವನು, ಟಿವಿಯಲ್ಲಿ ಕಪ್ಪೆಯ ಹಾಗೆ ಮಡಚಿಕೊಂಡ ತನ್ನದೇ ಕಾಲುಗಳನ್ನು ನೋಡಿ ತಾನೇ ನಕ್ಕ. ಮುಂದಿನ ಸರದಿಯಲ್ಲಿ ಕಾಲು ನೆಟ್ಟಗಾಯಿತು.

ಟೀಚರ್ ಕೆಲವು ನಿಯಮ ಮಾಡಿದರು. ಯಾರೇ ಬಿದ್ದರೂ ಆ ವಿಡಿಯೋ ನೋಡಲೇಬೇಕು. ಬಿದ್ದವರೇ ಮೊದಲು ಮಾತಾಡಬೇಕು, ಉಳಿದವರು ಆಮೇಲೆ. ಕಣ್ಣು ಎಲ್ಲಿತ್ತು, ಕೈ ಎಲ್ಲಿತ್ತು, ಸೊಂಟ ಎಲ್ಲಿತ್ತು ಅಂತ ಮಾತ್ರ ಹೇಳಬೇಕು, ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನುವಂತಿಲ್ಲ. ಮಕ್ಕಳ ಕಣ್ಣು ಎಷ್ಟು ಚುರುಕಾಯಿತೆಂದರೆ, ಶಾಲೆಯ ವಾರ್ಷಿಕ ಸಭೆಯ ವಿಡಿಯೋ ತೋರಿಸಿದಾಗ ಒಬ್ಬಳು ಎದ್ದು, ಹೆಡ್ಮಾಸ್ಟರು ವೇದಿಕೆ ಹತ್ತುವಾಗ ಅವರ ಸೊಂಟ ಹಿಂದೆ ಉಳಿಯುತ್ತಿದೆ ಎಂದು ಗಂಭೀರವಾಗಿ ಹೇಳಿದಳು. ಅಂದಿನಿಂದ ಹೆಡ್ಮಾಸ್ಟರು ಕಾರಿಡಾರಿನಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದರು.

ಆ ಮಕ್ಕಳಲ್ಲಿ ಎಲ್ಲರಿಗಿಂತ ಬೇಗ ಹಿಡಿದುಕೊಂಡವಳು ಗುಬ್ಬಿ. ಆ ಹೆಸರು ಇಟ್ಟದ್ದು ಟೀಚರೇ. ಶಾಲೆಯ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯವಳ ಮಗಳು, ತೆಳ್ಳನೆಯ ಹುಡುಗಿ, ಮಾತು ಕಮ್ಮಿ. ಒಂದು ಸಲ ನೋಡಿದ್ದು ಅವಳ ಮೈಗೆ ಇಳಿದುಬಿಡುತ್ತಿತ್ತು. ಪೆಟ್ಟಿಗೆಯ ಮೇಲೆ ಕೈಯೂರಿ ಆಚೆಗೆ ಲಾಗ ಹಾಕುವುದು ದೊಡ್ಡ ತರಗತಿಯವರಿಗೇ ಕಷ್ಟ. ಅದನ್ನು ಅವಳು ಟೀಚರ್ ಕೈಯ ಆಸರೆಯಲ್ಲಿ ಹಾಕತೊಡಗಿದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಮಗು ಒಂದೇ ಒಂದು ಸಿಗುತ್ತದೆ ಕಣ್ರೀ ಎಂದು ಟೀಚರ್ ಮನೆಯಲ್ಲಿ ಗಂಡನ ಹತ್ತಿರ ಹೇಳುತ್ತಿದ್ದರು. ಗಂಡ ಬಸ್ ಡ್ರೈವರ್. ಮಕ್ಕಳಿಲ್ಲದ ಮನೆ. ಯಾರದೋ ಮಗುವಿನ ಸೊಂಟ ಇವತ್ತು ಎಷ್ಟು ಮೇಲೆ ಬಂತು ಎನ್ನುವ ಸುದ್ದಿಯನ್ನು ಅವರು ಊಟ ಮಾಡುತ್ತ ಶ್ರದ್ಧೆಯಿಂದ ಕೇಳುತ್ತಿದ್ದರು.

ಆ ಹೊತ್ತಿಗೆ ಟೀಚರ್ ಕೈಯಿಂದ ಲೋಟ ಜಾರುವುದು ಶುರುವಾಗಿತ್ತು. ಬಾಗಿಲ ಬೀಗದ ಕೀಲಿ ತಿರುಗಿಸಲು ಎರಡೂ ಕೈ ಬೇಕಾಗುತ್ತಿತ್ತು. ಒಗೆದ ಬಟ್ಟೆ ಹಿಂಡಿದರೆ ನೀರು ಉಳಿಯುತ್ತಿತ್ತು. ಅತ್ತೆಗೆ ಇದೆಲ್ಲ ಹಾಸ್ಯಕ್ಕೆ ಒಳ್ಳೆಯ ಸಾಮಗ್ರಿ. ನಿನ್ನ ಕೈಗೇನು ಬೆಣ್ಣೆ ಸವರಿಕೊಂಡಿದ್ದೀಯೇನೇ, ಮನೆಯಲ್ಲಿ ಇನ್ನು ಸ್ಟೀಲ್ ಲೋಟ ಬಿಟ್ಟು ಬೇರೆ ಏನೂ ಉಳಿಯೋ ಹಾಗಿಲ್ಲ ಎನ್ನುತ್ತಿದ್ದರು. ಟೀಚರೂ ನಗುತ್ತಿದ್ದರು. ಮಂಡಿ ಹೋಯಿತು, ಈಗ ಮಣಿಕಟ್ಟಿನ ಸರದಿ, ವಯಸ್ಸು ಬಾಗಿಲು ತಟ್ಟಿ ಬರುವುದಿಲ್ಲವಲ್ಲ ಎಂದುಕೊಂಡು, ದಿನಾ ಬೆಳಿಗ್ಗೆ ಒಂದು ರಬ್ಬರ್ ಚೆಂಡನ್ನು ಹಿಸುಕುವ ಅಭ್ಯಾಸ ಮಾಡಿಕೊಂಡರು.

ಗುಬ್ಬಿ ಬಿದ್ದದ್ದು ಒಂದು ಬೆಳಗಿನ ತರಗತಿಯಲ್ಲಿ. ಅವಳು ಓಡಿಬಂದಳು, ಹಲಗೆ ತುಳಿದಳು, ಪೆಟ್ಟಿಗೆಯ ಮೇಲೆ ಕೈಯೂರಿದಳು, ಮೇಲೆದ್ದಳು. ಟೀಚರ್ ಎಂದಿನ ಜಾಗದಲ್ಲೇ ಇದ್ದರು. ಭುಜದಡಿಗೆ ಕೈ ಹೋಯಿತು. ಮುಂದಿನದು ಮ್ಯಾಟಿನ ಅಂಚಿನಲ್ಲಿ ಒಂದು ದಪ್ಪ ಸದ್ದು, ಆಮೇಲೆ ಗುಬ್ಬಿಯ ಉಸಿರು ಸಿಕ್ಕಿಕೊಂಡ ಸಣ್ಣ ಶಬ್ದ. ಅವಳು ಅಳಲಿಲ್ಲ. ಎಡಭುಜ ಮಾತ್ರ ಬೇರೆ ಯಾರದ್ದೋ ಹಾಗೆ ಕೆಳಗೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಕುತ್ತಿಗೆ ಬುಡದಿಂದ ಭುಜಕ್ಕೆ ಹೋಗುವ ಮೂಳೆ ಮುರಿದಿದೆ, ಚಿಕ್ಕ ವಯಸ್ಸು, ಕೂಡಿಕೊಳ್ಳುತ್ತದೆ ಎಂದರು. ಇಸ್ತ್ರಿ ಅಂಗಡಿಯವಳು ಅರ್ಧ ಮಡಚಿದ ಯಾರದೋ ಅಂಗಿಯನ್ನು ಕೈಯಲ್ಲೇ ಹಿಡಿದು ಓಡಿಬಂದಿದ್ದಳು. ಅವಳು ಬೈಯುತ್ತಾಳೆ, ಬೈದರೆ ತಲೆ ಬಗ್ಗಿಸಿ ಕೇಳಿಸಿಕೊಳ್ಳೋಣ ಎಂದು ಟೀಚರ್ ಸಿದ್ಧವಾಗಿ ನಿಂತಿದ್ದರು. ಅವಳು ಬೈಯಲಿಲ್ಲ. ಮಗಳ ತಲೆ ಸವರಿ, ಟೀಚರ್ ಕಡೆ ತಿರುಗಿ, “ನೀವು ಪಕ್ಕದಲ್ಲಿದ್ರಲ್ಲ ಟೀಚರಮ್ಮ, ಇಲ್ಲದಿದ್ರೆ ಇನ್ನೂ ಏನಾಗ್ತಿತ್ತೋ” ಎಂದಳು. ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಟೀಚರ್‌ಗೆ ತಿಳಿಯಲಿಲ್ಲ.

ಫೋನು ಎಂದಿನಂತೆ ಸ್ಟೂಲಿನ ಮೇಲಿತ್ತಲ್ಲ, ಎಲ್ಲ ಅದರೊಳಗೆ ದಾಖಲಾಗಿತ್ತು. ಹೆಡ್ಮಾಸ್ಟರು ತಮ್ಮ ಕೋಣೆಯ ಬಾಗಿಲು ಹಾಕಿ ನೋಡಿದರು. ಎರಡು ಸಲ ನೋಡಿ ನಿಟ್ಟುಸಿರು ಬಿಟ್ಟು, ನಿಮ್ಮ ಕೈ ಅಲ್ಲೇ ಇದೆ ಮೇಡಂ, ಮಗುವಿನ ಮೈ ಮುಟ್ಟಿದ್ದೂ ಕಾಣುತ್ತದೆ, ನಿಮ್ಮ ತಪ್ಪೇನೂ ಇಲ್ಲ, ನಸೀಬು ಅಷ್ಟೇ ಎಂದರು. ಟೀಚರ್‌ಗೂ ಅದರಲ್ಲಿ ಬೇರೇನೂ ಕಾಣಲಿಲ್ಲ. ನಿಧಾನ ಮಾಡದೆ ನೋಡಿದರೆ ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಒಳಗೊಳಗೇ ಅವರಿಗೆ ಸಮಾಧಾನವೂ ಆಯಿತು.

ಕೆಲವು ವಾರಗಳಾದ ಮೇಲೆ ಗುಬ್ಬಿ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡು ತರಗತಿಗೆ ಬಂದಳು. ಮ್ಯಾಟಿನ ಮುಂದಿನ ಸಾಲಿನಲ್ಲಿ ಕೂತು, ಟೀಚರ್, ನಾನು ಬಿದ್ದದ್ದು ಇನ್ನೂ ನೋಡಿಲ್ಲ ಎಂದಳು. ಇವತ್ತು ಬೇಡ ಎಂದರು ಟೀಚರ್. ಮಕ್ಕಳು ಸುಮ್ಮನೆ ಅವರ ಮುಖ ನೋಡಿದರು. ನಿಯಮ ಮಾಡಿದವರು ಅವರೇ. ಇವತ್ತು ಬೇಡವೆಂದರೆ ಮುಂದೆ ಯಾವ ಮಗುವಿಗೂ ನೋಡು ಅನ್ನುವ ಹಾಗಿಲ್ಲ. ಅವರು ಕಿಟಕಿಯ ಪರದೆ ಎಳೆದು ಟಿವಿ ಹಾಕಿದರು.

ವಿಡಿಯೋ ಅತಿ ನಿಧಾನವಾಗಿ ಓಡಿತು. ಗುಬ್ಬಿ ಹಲಗೆ ತುಳಿದಳು, ತೇಲಿದಳು. ಪದ್ಧತಿಯ ಪ್ರಕಾರ ಬಿದ್ದವಳೇ ಮೊದಲು ಮಾತಾಡಬೇಕು. ಕಣ್ಣು ಕೈ ಮೇಲಿದೆ ಎಂದಳು ಗುಬ್ಬಿ. ಕೈ ನೇರ ಇದೆ. ಸೊಂಟ ಮೇಲಿದೆ. ಆಮೇಲೆ ಸ್ವಲ್ಪ ಗೊಂದಲದಿಂದ, “ಟೀಚರ್, ನನ್ನದೆಲ್ಲ ಸರಿಯಾಗೇ ಇದೆಯಲ್ಲ?” ಎಂದಳು.

ನಿಜ. ಎಲ್ಲ ಸರಿಯಾಗಿತ್ತು. ಅವಳು ಅಷ್ಟು ಚೆನ್ನಾಗಿ ಆ ಲಾಗ ಹಾಕಿದ್ದು ಅದೇ ಮೊದಲು. ಜೋರಾಗಿ ಎದ್ದಿದ್ದಳು, ಅದಕ್ಕೇ ಹಿಡಿಯುವ ಕೈ ಗಟ್ಟಿ ಇರಬೇಕಿತ್ತು. ಮಕ್ಕಳು ಮುಂದಕ್ಕೆ ಬಗ್ಗಿ ನೋಡುತ್ತಿದ್ದರು. ನಂತರ ಹಿಂದಿನ ಸಾಲಿನ ಕನ್ನಡಕದ ಹುಡುಗಿ, ಅವರೇ ಕಲಿಸಿದ ಧಾಟಿಯಲ್ಲಿ, ಏರಿಳಿತವಿಲ್ಲದ ಸ್ವರದಲ್ಲಿ ಹೇಳಿದಳು: “ಟೀಚರ್, ನಿಮ್ಮ ಬಲಗೈ ಸರಿಯಾದ ಜಾಗದಲ್ಲಿದೆ. ಬೆರಳು ಮುಚ್ಚಲೇ ಇಲ್ಲ.”

ಟೀಚರ್ ವಿಡಿಯೋವನ್ನು ಹಿಂದಕ್ಕೆ ಒಯ್ದು ಮತ್ತೆ ಹಾಕಿದರು. ಕೈ ಹೊತ್ತಿಗೆ ಸರಿಯಾಗಿ ಬರುತ್ತದೆ, ಇರಬೇಕಾದ ಜಾಗಕ್ಕೇ ಬರುತ್ತದೆ, ಮಗುವಿನ ತೋಳನ್ನು ಮುಟ್ಟುತ್ತದೆ. ಬೆರಳುಗಳು ಮಾತ್ರ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಯ ಹಾಗೆ ಸುಮ್ಮನೆ ತೂಗುತ್ತವೆ. ಮಗು ಅವುಗಳ ನಡುವಿನಿಂದ ಜಾರಿಹೋಗುತ್ತದೆ. ಆ ಕ್ಷಣದಲ್ಲಿ ತಾನು ಗಟ್ಟಿಯಾಗಿ ಹಿಡಿದಿದ್ದೇನೆ ಎಂದೇ ಅವರಿಗೆ ಅನ್ನಿಸಿತ್ತು. ಹಿಡಿದ ನೆನಪು ಕೂಡ ಇತ್ತು.

ಗುಬ್ಬಿ ತಲೆ ತಗ್ಗಿಸಿ ತನ್ನ ಕೊರಳಿನ ಬಟ್ಟೆಯ ಗಂಟನ್ನು ನೋಡುತ್ತಿದ್ದಳು. ಟೀಚರ್ ಟಿವಿ ಆರಿಸಿ, ಕನ್ನಡಕದ ಹುಡುಗಿಗೆ, ಸರಿಯಾಗಿ ನೋಡಿದ್ದೀಯ ಎಂದು ಹೇಳಿ, ಇವತ್ತಿಗೆ ಸಾಕು ಅಂದರು.

ನರದ ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಎಳೆದು ನೋಡಿದರು, ಸೂಜಿ ಚುಚ್ಚಿ ಯಂತ್ರದಲ್ಲಿ ಗೆರೆ ನೋಡಿದರು, ಯಾವಾಗಿನಿಂದ ಹೀಗಿದೆ ಎಂದು ಕೇಳಿದರು. ಟೀಚರ್‌ಗೆ ಹೇಳಲು ತಿಳಿಯದೆ ಫೋನನ್ನೇ ಕೊಟ್ಟರು. ಅದರಲ್ಲಿ ಹಳೆಯ ತರಗತಿಗಳೆಲ್ಲ ಇದ್ದವು. ಡಾಕ್ಟರು ಒಂದಾದ ಮೇಲೆ ಒಂದು ನೋಡುತ್ತ ಹೋದರು. ಆರಂಭದ ವಿಡಿಯೋಗಳಲ್ಲಿ ಕೈ ಇಕ್ಕಳದಂತೆ ಹಿಡಿಯುತ್ತಿತ್ತು, ಬರಬರುತ್ತ ಸಡಿಲವಾಗುತ್ತಿತ್ತು. ಒಂದು ಕಾಯಿಲೆಯನ್ನು ಹುಟ್ಟಿನಿಂದ ಹೀಗೆ ನೋಡುವ ಅವಕಾಶ ನಮಗೆ ಸಿಗುವುದೇ ಇಲ್ಲ ಎಂದು ಹೇಳಿ, ಹೇಳಿದ ಮೇಲೆ ಅವರೇ ನಾಚಿಕೊಂಡರು. ನಂತರ ವಿಷಯಕ್ಕೆ ಬಂದರು. ಬೆರಳುಗಳಿಗೆ ಹೋಗುವ ನರಗಳು ಒಂದೊಂದಾಗಿ ಸುಮ್ಮನಾಗುತ್ತಿವೆ. ಎಡಗೈಗೂ ಬರುತ್ತದೆ. ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ.

“ಅಭ್ಯಾಸ ಮಾಡಿದ್ರೆ ಡಾಕ್ಟ್ರೇ?” ಎಂದು ಕೇಳಿದರು ಟೀಚರ್. “ದಿನಾ, ಎಷ್ಟು ಹೊತ್ತು ಬೇಕಾದ್ರೂ ಮಾಡ್ತೀನಿ.”

ಡಾಕ್ಟರು ತಲೆಯಾಡಿಸಿದರು. ಚೆಂಡು ಹಿಸುಕುವುದನ್ನು ಇವತ್ತೇ ಬಿಡಬೇಕು, ದಣಿದಷ್ಟೂ ಬೇಗ ಕ್ಷೀಣಿಸುತ್ತದೆ ಎಂದರು.

ಟೀಚರನ್ನು ಕಾಯಿಲೆಗಿಂತ ಆ ಮಾತೇ ಹೆಚ್ಚು ನೋಯಿಸಿತು. ಹುಟ್ಟಿದಾಗಿನಿಂದ ಅವರಿಗೆ ಗೊತ್ತಿದ್ದದ್ದು ಒಂದೇ ಮಂತ್ರ. ಬರುವುದಿಲ್ಲವೇ, ಇನ್ನೊಂದು ಸಲ ಮಾಡು. ಬಿದ್ದೆಯಾ, ಎದ್ದು ಮಾಡು. ಎಷ್ಟು ನೂರು ಮಕ್ಕಳಿಗೆ ಅದನ್ನೇ ಹೇಳಿದ್ದರು. ಈಗ ಮಾಡಿದಷ್ಟೂ ಕೆಡುವ ಒಂದು ವಿಷಯ ಅವರ ಮೈಯಲ್ಲೇ ಬಂದು ಕೂತಿತ್ತು. ಇನ್ನು ತಿಪ್ಪರಲಾಗ ಹಾಕಿದರೂ ಅದನ್ನು ಏಳಿಸುವ ಹಾಗಿರಲಿಲ್ಲ.

ಮಾರನೇ ದಿನ ಗಂಡ ಡ್ಯೂಟಿಗೆ ಹೊರಡುವ ಮುಂಚೆ ಬಂದು, ಹೆಂಡತಿಯ ಕುಪ್ಪಸದ ಹಿಂದಿನ ಗುಂಡಿ ಹಾಕಿದರು. ಗೇರು ಹಿಡಿದು ಒರಟಾದ ಬೆರಳು, ಸಣ್ಣ ಗುಂಡಿ ಸಿಗದೆ ಒದ್ದಾಡಿತು. ನಿಮ್ಮ ಪ್ಯಾಸೆಂಜರ್‌ಗಳು ಕಾಯುತ್ತಿರುತ್ತಾರೆ ಹೋಗ್ರೀ ಎಂದರೂ ಹೋಗದೆ, ಒಂದೊಂದೇ ಹಾಕಿ ಮುಗಿಸಿದರು. ಆದರೆ ಟೀಚರ್‌ಗೆ ನಿಜವಾಗಿ ಭಯವಾದದ್ದು ಅತ್ತೆಯಿಂದ. ಅಂದು ಸಂಜೆ ಮತ್ತೊಂದು ಲೋಟ ಬಿತ್ತು, ಟೀ ನೆಲಕ್ಕೆಲ್ಲ ಚೆಲ್ಲಿತು. ಅತ್ತೆ ಬಾಯಿ ತೆರೆದರು, ಏನೋ ಹೇಳಲು ಹೊರಟರು, ಹೇಳಲಿಲ್ಲ. ಸುಮ್ಮನೆ ಬಟ್ಟೆ ತಂದು, ಮಂಡಿಯೂರಿ ಕೂತು ಒರೆಸತೊಡಗಿದರು. ಆ ಹೆಂಗಸು ಜೀವಮಾನದಲ್ಲಿ ಒಂದು ಮಾತನ್ನೂ ನುಂಗಿದವರಲ್ಲ. “ಬೈಯಿರಿ ಅತ್ತೆ,” ಎಂದರು ಸೊಸೆ. ಅತ್ತೆ ತಲೆ ಎತ್ತಲೇ ಇಲ್ಲ.

ಟೀಚರ್ ಹೆಡ್ಮಾಸ್ಟರ ಹತ್ತಿರ ಏನನ್ನೂ ಮುಚ್ಚಿಡಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ಕೈ ಕೊಡುವುದನ್ನು ಬೇರೆ ಯಾರಿಗಾದರೂ ಕಲಿಸಿ ನೋಡೋಣ ಎಂದರು. ಗಣಿತದ ಮೇಷ್ಟ್ರು ತಾವೇ ಮುಂದೆ ಬಂದರು. ಎತ್ತರದ ಆಳು, ತೋಳಿನಲ್ಲಿ ಕಸುವಿತ್ತು. ಟೀಚರ್ ಹಳೆಯ ವಿಡಿಯೋಗಳನ್ನು ತೋರಿಸಿ, ಕಾಲು ಎಲ್ಲಿಡಬೇಕು, ಕೈ ಯಾವಾಗ ಚಾಚಬೇಕು ಎಂದು ನಿಲ್ಲಿಸಿ ನಿಲ್ಲಿಸಿ ವಿವರಿಸಿದರು. ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಮಗು ಎಷ್ಟು ಕೋನದಲ್ಲಿ ಏಳುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದೂ ತೋರಿಸಿದರು. ಆದರೆ ನಿಜವಾದ ಮಗು ನಿಜವಾಗಿ ಹಾರಿ ಬಂದಾಗ ಅವರ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅದೂ ವಿಡಿಯೋದಲ್ಲೇ ಕಂಡದ್ದು. ಎಷ್ಟು ಪ್ರಯತ್ನಪಟ್ಟರೂ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಅವರೇ ಬಂದು, ಕ್ಷಮಿಸಿ ಮೇಡಂ, ನನ್ನಿಂದ ಇನ್ನೊಂದು ಮಗುವಿನ ಮೂಳೆ ಮುರಿಯುವುದು ಬೇಡ ಅಂದರು. ಹೊರಗಿನಿಂದ ಯಾರನ್ನಾದರೂ ಕಳಿಸಿ ಎಂದು ಕೇಳಿದ್ದಕ್ಕೆ ಮೇಲಿನವರಿಂದ ನೋಡೋಣ ಎಂಬ ಉತ್ತರ ಬಂತು, ಯಾರೂ ಬರಲಿಲ್ಲ.

ಹಾಗಾಗಿ ಪೆಟ್ಟಿಗೆ, ಹಲಗೆ, ತೊಲೆ ಎಲ್ಲ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆ ಸೇರಿದವು. ತಲೆಕೆಳಗಾಗುವ ಯಾವುದನ್ನೂ ಮಾಡಿಸಬಾರದು ಎಂದಾಯಿತು. ಟಿವಿ ಮಾತ್ರ ಉಳಿಯಿತು. ಟೀಚರ್ ಕುರ್ಚಿಯಲ್ಲಿ ಕೂತು ವಿಡಿಯೋ ಹಾಕುತ್ತಿದ್ದರು, ಮಕ್ಕಳು ಮ್ಯಾಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ನೋಡುತ್ತಿದ್ದರು. ಯಾವುದೋ ದೇಶದ ಚಾಂಪಿಯನ್ ಇಳಿಯುವಾಗ ಎಡ ಹಿಮ್ಮಡಿ ಒಂದು ಎಳೆ ತಡವಾಯಿತು ಎಂದು ಮಕ್ಕಳು ಹೇಳಬಲ್ಲವರಾಗಿದ್ದರು. ಆದರೆ ತಾವು ಒಂದು ಸಾದಾ ಲಾಗ ಕೂಡ ಹಾಕುವಂತಿರಲಿಲ್ಲ. ನೋಡಿ ನೋಡಿ ಮಕ್ಕಳ ಮೈ ತುರಿಸುತ್ತಿತ್ತು, ಕೂತಲ್ಲೇ ಭುಜ ಕುಲುಕುತ್ತಿದ್ದವು. ಹಸಿದವರ ಮುಂದೆ ಅಡುಗೆ ಪುಸ್ತಕ ಓದುವ ಕೆಲಸ ಇದು ಎಂದು ಟೀಚರ್‌ಗೆ ಅನ್ನಿಸುತ್ತಿತ್ತು. ಆದರೂ ಗಂಟೆ ಬಾರಿಸುವವರೆಗೆ ಓದುತ್ತಿದ್ದರು.

ಗುಬ್ಬಿಯ ಮೂಳೆ ಕೂಡಿತು. ಅವಳೂ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಒಂದು ದಿನ ಸಂಜೆ ಟೀಚರ್ ಫೋನಿಗೆ ಅವಳ ಅಮ್ಮನ ನಂಬರಿನಿಂದ ಒಂದು ವಿಡಿಯೋ ಬಂತು. ಜೊತೆಗೆ ಒಂದೇ ಸಾಲು: ಸೊಂಟ ಸರಿ ಇದೆಯಾ ಟೀಚರ್.

ಇಸ್ತ್ರಿ ಅಂಗಡಿಯಿಂದ ಸ್ವಲ್ಪ ಮುಂದೆ ಅರ್ಧಕ್ಕೆ ನಿಂತ ಒಂದು ಕಟ್ಟಡ, ಅದರ ಮುಂದೆ ಮರಳಿನ ಗುಡ್ಡೆ. ಫೋನನ್ನು ಇಟ್ಟಿಗೆಗಳಿಗೆ ಒರಗಿಸಿದ್ದಳೆಂದು ಕಾಣುತ್ತದೆ, ಚಿತ್ರ ವಾರೆಯಾಗಿತ್ತು. ಸಿಮೆಂಟ್ ಕಟ್ಟೆಯ ಮೇಲೆ ಕೈಯೂರಿ ಗುಬ್ಬಿ ಒಬ್ಬಳೇ ಲಾಗ ಹಾಕುತ್ತಿದ್ದಳು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಅವಳು ಮೇಲೆದ್ದ ಗಳಿಗೆಯಲ್ಲಿ ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದ ಟೀಚರ್ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಬಿಟ್ಟರು. ಫೋನು ಕೆಳಗೆ ಬಿತ್ತು. ಅತ್ತೆ ಎತ್ತಿಕೊಟ್ಟು, ಯಾರದ್ದೇ ಇದು ಮಗು, ಇಷ್ಟು ಹಗುರ ಎಂದರು.

ಮಾರನೇ ದಿನ ಅವರು ಇಸ್ತ್ರಿ ಅಂಗಡಿಗೆ ಹೋದರು. ತಾಯಿಗೆ ವಿಷಯ ಗೊತ್ತಿತ್ತು. ಹೇಳಿ ಹೇಳಿ ಸಾಕಾಗಿದೆ, ಒಂದು ಏಟೂ ಕೊಟ್ಟಿದ್ದೇನೆ, ಕೇಳುವುದಿಲ್ಲ, ಇಡೀ ದಿನ ಈ ಕೆಂಡದ ಪೆಟ್ಟಿಗೆ ಮುಂದೆ ನಿಂತಿರುವ ನಾನು ಎಲ್ಲಿ ಅಂತ ಕಾಯಲಿ, ನೀವು ಹೇಳಿದರೆ ಕೇಳುತ್ತಾಳೆ ಎಂದಳು. ಟೀಚರ್ ಹೇಳಿದರು. ಗುಬ್ಬಿ ನೆಲ ನೋಡುತ್ತ, ಆಯ್ತು ಟೀಚರ್, ಇನ್ನು ಮಾಡಲ್ಲ ಎಂದಳು. ಮುಂದಿನ ವಾರವೂ ಅವಳ ಕೂದಲಲ್ಲಿ ಮರಳಿತ್ತು.

ತಡೆಯಲೇಬೇಕೆಂದು ನಿರ್ಧರಿಸಿ ಅವರು ಒಂದು ಸಂಜೆ ನೇರವಾಗಿ ಆ ಕಟ್ಟಡದ ಹತ್ತಿರ ಹೋದರು. ಗುಬ್ಬಿ ಅವರನ್ನು ನೋಡಿ ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತಳು. ಬೈಯಬೇಕೆಂದು ಬಂದವರಿಗೆ ಮೊದಲು ಕಂಡದ್ದು, ಕಟ್ಟೆಗೂ ಮರಳಿಗೂ ನಡುವೆ ಅವಳು ಬಿಟ್ಟಿದ್ದ ಅಂತರ ತಪ್ಪಾಗಿದೆ ಎನ್ನುವುದು. ಅದನ್ನು ಹೇಳಿದರೆ ಮಾಡು ಎಂದ ಹಾಗಾಗುತ್ತದೆ. ಹೇಳದೆ ಹೋದರೆ ನಾಳೆ ಇದೇ ಅಂತರದಲ್ಲಿ ಜಿಗಿದು ಬೆನ್ನು ಮುರಿದುಕೊಳ್ಳುತ್ತಾಳೆ. ಕೊನೆಗೆ, “ಮರಳನ್ನ ಇನ್ನೊಂದಷ್ಟು ಈ ಕಡೆಗೆ ಎಳಿ,” ಎಂದರು. “ನಾನಿಲ್ಲದಾಗ ಒಂದು ದಿನಾನೂ ಮಾಡಬಾರದು.”

“ನೀವು ಹಿಡೀತೀರಾ ಟೀಚರ್?”

“ಇಲ್ಲ ಮಗಾ. ಹಿಡಿಯೋಕಾಗಲ್ಲ. ನೋಡ್ತೀನಿ ಅಷ್ಟೇ.”

ಆಮೇಲೆ ಅವರು ದಿನಾ ಸಂಜೆ ಅಲ್ಲಿಗೆ ಹೋಗಿ ಇಟ್ಟಿಗೆ ರಾಶಿಯ ಮೇಲೆ ಕೂರತೊಡಗಿದರು. ಗುಬ್ಬಿ ಓಡುವ ಮುಂಚೆ ಅವರ ಕಡೆ ನೋಡುತ್ತಿದ್ದಳು, ಅವರು ಹೂಂ ಎನ್ನುತ್ತಿದ್ದರು. ಅವಳು ಗಾಳಿಯಲ್ಲಿರುವಷ್ಟು ಹೊತ್ತೂ ಅವರ ಕೈಗಳು ತೊಡೆಯ ಮೇಲೆ ಸತ್ತ ಹಕ್ಕಿಗಳ ಹಾಗೆ ಬಿದ್ದಿರುತ್ತಿದ್ದವು. ಡ್ಯೂಟಿ ಮುಗಿಸಿ ಕರೆದುಕೊಂಡು ಹೋಗಲು ಬರುತ್ತಿದ್ದ ಗಂಡನನ್ನು ಒಂದೆರಡು ಸಲ ಹಿಡಿಯಲು ನಿಲ್ಲಿಸಿ ನೋಡಿದ್ದೂ ಆಯಿತು. ಮಗುವಿನ ಮೊಣಕಾಲು ಅವರ ಮೂಗಿಗೆ ಬಡಿಯಿತು. ನನಗೆ ಬಸ್ಸು ತಿರುಗಿಸೋದು ಗೊತ್ತು, ತಿರುಗೋ ಮಗುವನ್ನ ಹಿಡಿಯೋದು ಗೊತ್ತಿಲ್ಲ ಕಣೇ ಎಂದು ಮೂಗು ಒತ್ತಿಕೊಂಡು ಕೂತರು. ಗುಬ್ಬಿ ನಕ್ಕಳು. ಅವಳು ನಕ್ಕದ್ದನ್ನು ಟೀಚರ್ ನೋಡಿದ್ದು ಕಮ್ಮಿ.

ನಿಂತಿದ್ದ ಕಟ್ಟಡದ ಕೆಲಸ ಮತ್ತೆ ಶುರುವಾಯಿತು. ಗಾರೆ ಕೆಲಸದವರು ಬುಟ್ಟಿ ಬುಟ್ಟಿಯಾಗಿ ಮರಳು ಹೊತ್ತರು. ಸಂಜೆ ಬಂದು ನೋಡಿದರೆ ಗುಡ್ಡೆ ಒಂದಿಷ್ಟು ತಗ್ಗಿರುತ್ತಿತ್ತು. ಟೀಚರ್ ಮೇಸ್ತ್ರಿಯನ್ನು ಕೇಳಿಕೊಂಡರು. ಅವನು ಸಭ್ಯ ಮನುಷ್ಯ, ಅಮ್ಮಾ, ಮರಳು ಇರೋದು ಗೋಡೆಗೆ, ನಾನೇನು ಮಾಡಲಿ ಎಂದ. ಕೊನೆಗೊಂದು ದಿನ ಅಲ್ಲಿ ಕಲ್ಲುನೆಲ ಮಾತ್ರ ಉಳಿಯಿತು. ಗುಬ್ಬಿ ಆ ನೆಲವನ್ನು ಕಾಲಿನಿಂದ ಒತ್ತಿ ನೋಡಿದಳು. ಟೀಚರ್ ಬೇಡ ಎಂದರು. ಈ ಸಲ ಅವಳು ಮಾತು ಕೇಳಿದಳು.

ಟೀಚರ್ ಎಡಗೈಯೂ ಹೋದ ಮೇಲೆ ಅನಾರೋಗ್ಯದ ಕಾರಣ ಬರೆದುಕೊಟ್ಟು ಕೆಲಸ ಬಿಟ್ಟರು. ಹಾಲ್‌ನ ಟಿವಿ ಮತ್ತೆ ವಿಜ್ಞಾನದ ಕೋಣೆಗೆ ಹೋಯಿತು. ಗುಬ್ಬಿ ದೊಡ್ಡ ತರಗತಿಗೆ ಬಂದು ಓಟದ ತಂಡ ಸೇರಿದಳು. ಆ ಸುದ್ದಿ ಹೇಳಲು ಮನೆಗೆ ಬಂದಾಗ, ಯಾಕಮ್ಮ ಓಟ ಎಂದು ಟೀಚರ್ ಕೇಳಿದರು. “ಓಟಕ್ಕೆ ಯಾರೂ ಹಿಡಿಯೋದು ಬೇಕಾಗಿಲ್ಲ ಟೀಚರ್,” ಎಂದಳು ಅವಳು, ಸಮಾಧಾನ ಮಾಡುವವಳ ಹಾಗೆ.

ಪಂದ್ಯದ ದಿನ ಗಂಡ ರಜೆ ಹಾಕಿ ಟೀಚರನ್ನು ಮೈದಾನಕ್ಕೆ ಕರೆತಂದರು. ಓಟ ಶುರುವಾದ ಕೂಡಲೇ ಟೀಚರ್‌ಗೆ ತಿಳಿಯಿತು. ಗುಬ್ಬಿಯ ಕಾಲು ಗಿಡ್ಡ, ಹೆಜ್ಜೆ ಚಿಕ್ಕದು, ಶಕ್ತಿಯೆಲ್ಲ ಮೇಲಕ್ಕೆ ಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಪ್ರತಿ ಹೆಜ್ಜೆಗೂ ಆ ಮೈ ನೆಲ ಬಿಟ್ಟು ಏಳಲು ನೋಡುತ್ತಿತ್ತು. ಅವಳು ಗುಂಪಿನ ನಡುವೆ ಎಲ್ಲೋ ಒಬ್ಬಳಾಗಿ ಗೆರೆ ದಾಟಿದಳು. ಏದುಸಿರು ಬಿಡುತ್ತ ಬಂದು, ಹೇಗಿತ್ತು ಟೀಚರ್ ಎಂದು ಕೇಳಿದಳು.

ಕಣ್ಣು, ಕೈ, ಸೊಂಟ ಯಾವುದನ್ನೂ ಹೇಳದೆ, ಚೆನ್ನಾಗಿತ್ತು ಎಂದರು ಟೀಚರ್.